ಬೇರು ಯಾವುದರದು, ಹೂವು ಯಾವುದರದು?

ತೋಟಗಾರಿಕೆಯ ಈ ಪ್ರಶ್ನೋತ್ತರ ಅಂಕಣಕ್ಕೆ ಈ ಬಾರಿ ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಗುಲಾಬಿಯನ್ನು ಕುರಿತವು. ಕಡ್ಡಿ ನೆಟ್ಟು ನಿರಾಶರಾದವರು ಕೆಲವರಾದರೆ, ಕಸಿ ಕಟ್ಟಲು ಹೊರಟವರು ಕೆಲವರು. ಮುಂಗಾರು ಕಾಲಿಡುತ್ತಿರುವ ಈ ಹೊತ್ತು ಎರಡೂ ಕೆಲಸಗಳನ್ನು ಆರಂಭಿಸಲು ತಕ್ಕ ಕಾಲವಾಗಿರುವುದರಿಂದ ಈ ಸಂಚಿಕೆಯನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ. ಒಂದೇ ಸಂದೇಹವನ್ನು ಹಲವರು ಕೇಳಿದ್ದಲ್ಲಿ ಒಂದು ಪತ್ರವನ್ನು ಮಾತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಏಪ್ರಿಲ್ ತಿಂಗಳಲ್ಲಿ ನೆರೆಮನೆಯವರ ಗುಲಾಬಿ ಗಿಡದಿಂದ ಹನ್ನೆರಡು ಕಡ್ಡಿಗಳನ್ನು ತಂದು, ಆರನ್ನು ಆಲೂಗಡ್ಡೆಗೆ ಚುಚ್ಚಿ, ಉಳಿದ ಆರನ್ನು ಒಂದು ರಾತ್ರಿ ಎಳನೀರಿನಲ್ಲಿ ನೆನೆಸಿ ಕುಂಡಗಳಲ್ಲಿ ನೆಟ್ಟೆ. ಹತ್ತು ದಿನಗಳಲ್ಲಿ ಎಲ್ಲವೂ ಚಿಗುರಿದವು. ಸಂತೋಷದಿಂದ ಬಿಸಿಲಿಗೆ ಇಟ್ಟೆ. ತಿಂಗಳು ತುಂಬುವಷ್ಟರಲ್ಲಿ ಒಂದೂ ಉಳಿಯಲಿಲ್ಲ. ತಪ್ಪು ಎಲ್ಲಾಯಿತು?
– ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಚಿಗುರು ಕಂಡಾಗ ಬೇರೂ ಬಂದಿದೆ ಎಂದು ತಿಳಿದದ್ದೇ ಮೊದಲ ತಪ್ಪು, ಈ ತಪ್ಪನ್ನು ಮಾಡದವರು ನಮ್ಮಲ್ಲಿ ಕಡಿಮೆ. ಕತ್ತರಿಸಿದ ಕಡ್ಡಿಯೊಳಗೆ ಗಿಡವು ಮೊದಲೇ ಕೂಡಿಟ್ಟ ಪಿಷ್ಟ ಇರುತ್ತದೆ. ಗೆಣ್ಣಿನಲ್ಲಿರುವ ಕಣ್ಣುಗಳು ಬೇರಿಗಾಗಿ ಕಾಯದೆ ಆ ಕೂಡಿಟ್ಟ ಆಹಾರವನ್ನೇ ಉಂಡು ಚಿಗುರುತ್ತವೆ. ಎಲೆ ಅಗಲವಾದಂತೆ ಅದರಿಂದ ಆವಿಯಾಗುವ ನೀರು ಹೆಚ್ಚುತ್ತದೆ, ಆದರೆ ಕೆಳಗಿನಿಂದ ನೀರೆತ್ತಿ ಕೊಡುವ ಬೇರು ಇನ್ನೂ ಹುಟ್ಟಿರುವುದಿಲ್ಲ. ಕಡ್ಡಿಯ ಬುಡದಲ್ಲಿ ಮೊದಲು ಬಿಳಿಯ ಗಂಟಿನಂತಹ ಗಾಯದ ಅಂಗಾಂಶ ಮೂಡಿ, ಆಮೇಲೆ ಬೇರಿಳಿಯಲು ಗುಲಾಬಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನೀವು ಹತ್ತನೆಯ ದಿನವೇ ಅದನ್ನು ಬಿಸಿಲಿಗೆ ಒಡ್ಡಿದ್ದೀರಿ, ಅದೂ ನಮ್ಮ ಕಡೆಯ ಅತಿ ಕಡು ಬಿಸಿಲಿನ ತಿಂಗಳಲ್ಲಿ.

ಆಲೂಗಡ್ಡೆಯ ಉಪಾಯ ಈಗ ಮನೆಮನೆಗೂ ಹರಡಿದೆ. ಅದು ಕೆಲವು ದಿನ ತೇವವನ್ನು ಕೊಡುತ್ತದೆ ಎಂಬುದನ್ನು ಬಿಟ್ಟರೆ ಬೇರು ಬರಿಸುವ ಯಾವ ಗುಣವೂ ಅದಕ್ಕಿಲ್ಲ. ಎರಡು ಮೂರು ವಾರಗಳಲ್ಲಿ ಕೊಳೆತು, ಆ ಕೊಳೆರೋಗವನ್ನು ಕಡ್ಡಿಯ ಗಾಯಕ್ಕೂ ಅಂಟಿಸುತ್ತದೆ. ಎಳನೀರಿನ ಸಂಗತಿ ಇನ್ನೂ ಸ್ವಾರಸ್ಯಕರವಾಗಿದೆ. ಅಂಗಾಂಶ ಕೃಷಿಯ ಪ್ರಯೋಗಾಲಯಗಳಲ್ಲಿ ಎಳನೀರನ್ನು ಬಳಸುವುದು ನಿಜ, ಆದರೆ ಅದರಲ್ಲಿರುವ ಸೈಟೊಕೈನಿನ್ ಎಂಬ ಚೋದಕ ಮುಖ್ಯವಾಗಿ ಚಿಗುರನ್ನು ಪ್ರಚೋದಿಸುವಂಥದ್ದು. ಬೇರಿಗೆ ಬೇಕಾದದ್ದು ಆಕ್ಸಿನ್ ಗುಂಪಿನ ಚೋದಕ. ಸಾಲದ್ದಕ್ಕೆ ಅದರ ಸಕ್ಕರೆ ಹುಳಿತು ಬೂಷ್ಟನ್ನು ಕರೆಯುತ್ತದೆ. ಮದ್ದೂರಿನ ಎಳನೀರು ಕುಡಿಯುವುದಕ್ಕೇ ಇರಲಿ.

ಇನ್ನು ಸರಿಯಾದ ಕ್ರಮ. ಹೂ ಬಿಟ್ಟು ಆಗತಾನೇ ದಳ ಉದುರಿದ, ಸೀಸದ ಕಡ್ಡಿಯಷ್ಟು ದಪ್ಪವಿರುವ ಕೊಂಬೆಯನ್ನು ಆರಿಸಿಕೊಳ್ಳಿ. ಅದರ ಮುಳ್ಳನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿದಾಗ ಟಕ್ಕೆಂದು ಕಳಚಿ ಬಂದರೆ ಕೊಂಬೆ ಹದಕ್ಕೆ ಬಂದಿದೆ ಎಂದರ್ಥ. ಬಾಗಿ ಸಿಪ್ಪೆಯನ್ನೂ ಎಳೆದುಕೊಂಡು ಬಂದರೆ ಇನ್ನೂ ಎಳಸು. ಹಿಂದಿನ ದಿನ ಗಿಡಕ್ಕೆ ಚೆನ್ನಾಗಿ ನೀರುಣಿಸಿ, ಬೆಳಗಿನ ತಂಪಿನಲ್ಲಿ 15ರಿಂದ 20 ಸೆಂಟಿಮೀಟರ್ ಉದ್ದದ, ಮೂರು ನಾಲ್ಕು ಗೆಣ್ಣುಗಳಿರುವ ತುಂಡುಗಳನ್ನು ಕತ್ತರಿಸಿ. ಕೆಳತುದಿಯನ್ನು ಗೆಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿಯೂ ಮೇಲ್ತುದಿಯನ್ನು ಕಣ್ಣಿನ ಸ್ವಲ್ಪ ಮೇಲೆ ನೇರವಾಗಿಯೂ ಕತ್ತರಿಸಿದರೆ, ಹತ್ತಾರು ತುಂಡುಗಳನ್ನು ಒಟ್ಟಿಗೆ ಇಟ್ಟುಕೊಂಡಾಗಲೂ ತಲೆ ಯಾವುದು ಬುಡ ಯಾವುದು ಎಂಬ ಗೊಂದಲವಾಗದು. ತಲೆಕೆಳಗಾಗಿ ನೆಟ್ಟ ಕಡ್ಡಿ ಬದುಕುವುದಿಲ್ಲ. ಕೆಳಗಿನ ಎಲೆಗಳನ್ನೆಲ್ಲ ತೆಗೆದು, ಮೇಲಿನ ಒಂದೆರಡು ಎಲೆಗಳನ್ನು ಉಳಿಸಿ. ಎಲೆಯನ್ನೆಲ್ಲ ಬೋಳಿಸುವ ಅಭ್ಯಾಸ ನಮ್ಮಲ್ಲಿದೆ. ಬೇರಿಗೆ ಬೇಕಾದ ಆಹಾರವೂ ಸಹಜವಾದ ಆಕ್ಸಿನ್ನೂ ಬರುವುದು ಆ ಎಲೆಗಳಿಂದಲೇ ಆದುದರಿಂದ ಅದು ಒಳ್ಳೆಯದಲ್ಲ.

ಬೇರು ಬರಿಸುವ ಪುಡಿ, ಎಂದರೆ ಅಂಗಡಿಯವರು ರೂಟಿಂಗ್ ಪೌಡರ್ ಎನ್ನುವುದು, ಇಂಡೋಲ್ ಬ್ಯೂಟಿರಿಕ್ ಆಮ್ಲ ಎಂಬ ಆಕ್ಸಿನ್ ಬೆರೆಸಿದ ಪುಡಿ. ಕಡ್ಡಿಯ ಬುಡವನ್ನು ಒದ್ದೆ ಮಾಡಿ, ಪುಡಿಯಲ್ಲಿ ಒಮ್ಮೆ ಅದ್ದಿ, ಹೆಚ್ಚಾದದ್ದನ್ನು ಕೊಡವಿಬಿಡಿ. ಔಷಧ ಹೆಚ್ಚಾದರೆ ಬುಡ ಕಪ್ಪಾಗುತ್ತದೆ. ನೆಡುವ ಮಿಶ್ರಣದಲ್ಲಿ ಗೊಬ್ಬರ ಬೇಡ. ತೆಂಗಿನ ನಾರಿನ ಪುಡಿ ಮತ್ತು ದಪ್ಪ ಮರಳು ಸಮಪಾಲಿದ್ದರೆ ಸಾಕು. ಈಗ ಸುಲಭವಾಗಿ ಸಿಗುವುದು ಎಂ-ಸ್ಯಾಂಡ್ ಆದುದರಿಂದ ಅದನ್ನು ನಾಲ್ಕಾರು ಬಾರಿ ತೊಳೆದು ಕಲ್ಲಿನ ಹುಡಿಯನ್ನು ಹೋಗಲಾಡಿಸಿ ಬಳಸಬೇಕು; ಇಲ್ಲವಾದರೆ ಆ ಹುಡಿ ಸಿಮೆಂಟಿನಂತೆ ಕೂತು ಬುಡಕ್ಕೆ ಗಾಳಿಯಾಡದು. ಮೊದಲು ಬೇರೊಂದು ಕೋಲಿನಿಂದ ತೂತು ಮಾಡಿ, ಎರಡು ಗೆಣ್ಣು ಒಳಗೆ ಹೋಗುವಂತೆ ಕಡ್ಡಿಯನ್ನು ಇಳಿಸಿ ಸುತ್ತ ಅದುಮಿ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಚೀಲವನ್ನೋ ತಳ ಕತ್ತರಿಸಿದ ನೀರಿನ ಬಾಟಲಿಯನ್ನೋ ಮುಚ್ಚಿ, ಬೆಳಕಿದ್ದು ಬಿಸಿಲು ಬೀಳದ ಕಡೆ ಇಟ್ಟು, ದಿನಕ್ಕೊಮ್ಮೆ ತೆರೆದು ಗಾಳಿಯಾಡಿಸಿ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮೈಸೂರಿನ ಜಿಟಿಜಿಟಿ ಮಳೆಯ ದಿನಗಳು ಈ ಕೆಲಸಕ್ಕೆ ಬಲು ಅನುಕೂಲ.

ಬೇರು ಬಂತೇ ಎಂದು ಎಳೆದು ನೋಡುವ ಚಪಲವನ್ನು ತಡೆಯಲಾಗದವರು ತಳಕ್ಕೆ ತೂತು ಮಾಡಿದ ಪಾರದರ್ಶಕ ಲೋಟದಲ್ಲಿ ನೆಟ್ಟರೆ, ಬಿಳಿಬೇರು ಗೋಡೆಗೆ ತಾಗಿದ್ದು ಹೊರಗಿನಿಂದಲೇ ಕಾಣುತ್ತದೆ. ಎರಡು ತಿಂಗಳ ಬಳಿಕ ದೊಡ್ಡ ಕುಂಡಕ್ಕೆ ಬದಲಿಸಿ, ಹತ್ತು ಹದಿನೈದು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬಿಸಿಲಿಗೆ ಒಗ್ಗಿಸಿ. ಅಷ್ಟರೊಳಗೆ ಮೊಗ್ಗು ಮೂಡಿದರೆ ಕನಿಕರಪಡದೆ ಚಿವುಟಿಬಿಡಿ. ಹನ್ನೆರಡರಲ್ಲಿ ಆರೇಳು ಉಳಿದರೂ ನಿಮ್ಮ ಕೈಗುಣ ಚೆನ್ನಾಗಿದೆ ಎಂದೇ ನಾನು ಹೇಳುತ್ತೇನೆ.

ಪ್ರಶ್ನೆ: ಎರಡು ವರ್ಷಗಳ ಹಿಂದೆ ನರ್ಸರಿಯೊಂದರಿಂದ ಕಡುಗೆಂಪು ಹೂವಿನ ಗುಲಾಬಿ ಗಿಡವನ್ನು ತಂದಿದ್ದೆ. ಕಳೆದ ಮಳೆಗಾಲದಿಂದ ಬುಡದಲ್ಲಿ ಉದ್ದುದ್ದ ಬಳ್ಳಿಯಂಥ ಕೊಂಬೆಗಳು ಎದ್ದು, ಈಗ ಗೊಂಚಲು ಗೊಂಚಲಾಗಿ ಚಿಕ್ಕ ಬಿಳಿ ಹೂ ಬಿಡುತ್ತಿವೆ. ಕೆಂಪು ಹೂ ನಿಂತೇ ಹೋಗಿದೆ. ನಮ್ಮ ಮಣ್ಣಿಗೆ ಬಣ್ಣ ಬದಲಾಯಿತೇ, ಅಥವಾ ಕೊಟ್ಟವರೇ ಮೋಸ ಮಾಡಿದರೇ? ಏಳೆಲೆಯ ಕೊಂಬೆಗಳನ್ನು ಕತ್ತರಿಸಬೇಕೆಂದು ಬಂಧುಗಳೊಬ್ಬರು ಹೇಳುತ್ತಾರೆ.
– ನಿವೃತ್ತ ಶಿಕ್ಷಕರು, ಪಾಂಡವಪುರ

ಉತ್ತರ: ಮಣ್ಣಿನ ತಪ್ಪೂ ಇಲ್ಲ, ಮೋಸವೂ ಅಲ್ಲ. ನೀವು ತಂದದ್ದು ಒಂದು ಗಿಡವಲ್ಲ, ಒಂದರ ಮೇಲೊಂದು ಕೂತ ಎರಡು ಗಿಡಗಳು. ಕೆಳಗಿನದು ಬೇರು ಕೊಡುವ ಗಟ್ಟಿ ಜಾತಿಯ ಕಾಡು ಗುಲಾಬಿ. ಅದನ್ನು ಬೇರುಗಿಡ ಎನ್ನೋಣ. ಮೇಲಿನದು ಅದರ ಸಿಪ್ಪೆಯೊಳಗೆ ಕೂರಿಸಿದ ಒಂದೇ ಒಂದು ಕಣ್ಣಿನಿಂದ ಬೆಳೆದ ನಿಮ್ಮ ಕೆಂಪು ಗುಲಾಬಿ. ಕಸಿಯ ಗಂಟಿನ ಕೆಳಗಿನಿಂದ ಬೇರುಗಿಡ ತಾನೇ ಚಿಗುರಿ ಎದ್ದರೆ, ಬಲಿಷ್ಠವಾದ ಅದು ನೀರು, ಗೊಬ್ಬರಗಳನ್ನೆಲ್ಲ ತಾನೇ ಎಳೆದುಕೊಂಡು ಮೇಲಿನದನ್ನು ಸೊರಗಿಸುತ್ತದೆ. ಗೊಂಚಲು ಬಿಳಿ ಹೂವಿನ ನಿಮ್ಮ ವಿವರಣೆಯನ್ನು ನೋಡಿದರೆ ಅದು ಬಹುಮಟ್ಟಿಗೆ ರೋಸಾ ಮಲ್ಟಿಫ್ಲೋರಾ, ಎಂದರೆ ಚೀನಾ, ಕೊರಿಯಾ, ಜಪಾನ್ ಕಡೆಯ ಕಾಡು ಗುಲಾಬಿ.

ಏಳೆಲೆಯ ಲೆಕ್ಕವನ್ನು ನಂಬಿ ಕತ್ತರಿ ಹಿಡಿಯಬೇಡಿ. ಐದು ಕಿರುಎಲೆ ಇದ್ದರೆ ಒಳ್ಳೆಯದು, ಏಳಿದ್ದರೆ ಕಾಡು ಎಂಬ ಮಾತು ಎಷ್ಟೋ ಒಳ್ಳೆಯ ಗಿಡಗಳನ್ನು ಕೊಂದಿದೆ, ಏಕೆಂದರೆ ಒಳ್ಳೆಯ ಉದ್ಯಾನ ತಳಿಗಳಲ್ಲೂ ಬಲವಾದ ಕೊಂಬೆಗಳ ಮೇಲೆ ಏಳು ಕಿರುಎಲೆಗಳು ಬರುತ್ತವೆ. ಅದಕ್ಕಿಂತ ನಂಬಲರ್ಹವಾದ ಗುರುತು ಬೇರೊಂದಿದೆ: ಎಲೆಯ ತೊಟ್ಟು ಕಾಂಡಕ್ಕೆ ಸೇರುವಲ್ಲಿ ಎರಡೂ ಬದಿಗೆ ಅಂಟಿಕೊಂಡಿರುವ ಕಿರಿದಾದ ಹಸಿರು ಪಟ್ಟಿಯನ್ನು ನೋಡಿ, ಅದರ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳುಸೀಳಾಗಿದ್ದರೆ ಮಲ್ಟಿಫ್ಲೋರಾ ಎಂದು ತಿಳಿಯಬಹುದು. ಆದರೂ ಕೊನೆಯ ತೀರ್ಪು ಕೊಂಬೆ ಎಲ್ಲಿಂದ ಹುಟ್ಟಿದೆ ಎಂಬುದರದೇ. ಬುಡದ ಮಣ್ಣನ್ನು ಕೈಯಿಂದ ಸರಿಸಿ, ಕಸಿಯ ಗಂಟಿನ ಕೆಳಗೆ ಹುಟ್ಟಿದ್ದನ್ನು ಹುಟ್ಟಿದ ಜಾಗದಿಂದಲೇ ಕೆಳಮುಖವಾಗಿ ಜಗ್ಗಿ ಕಿತ್ತು ತೆಗೆಯಿರಿ. ನೆಲಮಟ್ಟಕ್ಕೆ ಕತ್ತರಿಸಿದರೆ ಒಳಗುಳಿದ ಕಣ್ಣುಗಳು ಒಂದಕ್ಕೆ ಮೂರಾಗಿ ಏಳುತ್ತವೆ.

ಗಂಟಿನ ಮೇಲೆ ಜೀವಂತ ಕೊಂಬೆ ಒಂದಾದರೂ ಇದ್ದರೆ ಗಿಡ ಚೇತರಿಸಿಕೊಂಡೀತು. ಏನೂ ಉಳಿದಿಲ್ಲವಾದರೆ ಕಿತ್ತೆಸೆಯಬೇಡಿ. ಈ ಮುಂದಿನ ಉತ್ತರವನ್ನು ಓದಿ, ಅದೇ ಬಿಳಿ ಗುಲಾಬಿಯ ಕಡ್ಡಿಗಳಿಂದ ನೀವೇ ಬೇರುಗಿಡಗಳನ್ನು ಮಾಡಿಕೊಳ್ಳಬಹುದು. ಹೊಸ ಗಿಡವನ್ನು ನೆಡುವಾಗ ಕಸಿಯ ಗಂಟು ಮಣ್ಣಿನಿಂದ ಎರಡು ಅಂಗುಲ ಮೇಲೆಯೇ ಇರಲಿ. ಗಂಟನ್ನು ಹೂಳಬೇಕೆಂದು ಹೇಳುವ ವೀಡಿಯೊಗಳು ಹಿಮ ಬೀಳುವ ದೇಶದವರಿಗಾಗಿ ಮಾಡಿದವು.

ಪ್ರಶ್ನೆ: ನಮ್ಮ ಹೂವಿನ ತೋಟದ ಅಂಚಿನಲ್ಲಿ ಇನ್ನೂರು ಗುಲಾಬಿ ಗಿಡಗಳನ್ನು ನೆಡಬೇಕೆಂದಿದ್ದೇನೆ. ಕೊಂಡು ತರುವ ಬದಲು ಕಣ್ಣು ಕಸಿಯನ್ನು ನಾನೇ ಕಲಿಯಬಹುದೇ? ದಯವಿಟ್ಟು ಮೊದಲಿನಿಂದ ವಿವರಿಸಿ. ಕಡ್ಡಿಯಿಂದಲೇ ಆಗುವುದಾದರೆ ಕಸಿ ಏಕೆ ಬೇಕು ಎಂಬುದನ್ನೂ ತಿಳಿಸಿ.
– ಯುವ ರೈತ, ಮಳವಳ್ಳಿ

ಉತ್ತರ: ಖಂಡಿತ ಕಲಿಯಬಹುದು. ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. 1867ರಲ್ಲಿ ಫ್ರಾನ್ಸಿನಲ್ಲಿ ಬೆಳಕಿಗೆ ಬಂದ ಲಾ ಫ್ರಾನ್ಸ್ ಎಂಬ ತಳಿಯಿಂದ ಲೆಕ್ಕ ಹಾಕುವ, ದೊಡ್ಡ ಹೂವಿನ ಹೈಬ್ರಿಡ್ ಟೀ ಗುಂಪಿನ ಗುಲಾಬಿಗಳನ್ನು ಬೆಳೆಸುತ್ತ ಬಂದವರು ಹೂವಿನ ಗಾತ್ರ, ಆಕಾರ, ಬಣ್ಣಗಳಿಗೆ ಕೊಟ್ಟ ಗಮನವನ್ನು ಬೇರಿಗೆ ಕೊಡಲಿಲ್ಲ. ಹೀಗಾಗಿ ಅವುಗಳಲ್ಲಿ ಹಲವು ತಳಿಗಳ ಕಡ್ಡಿಗಳು ಬೇರು ಬಿಟ್ಟರೂ ಗಿಡ ಮಂದವಾಗಿಯೇ ಬೆಳೆಯುತ್ತದೆ. ಜೊತೆಗೆ ಒಂದು ಕಡ್ಡಿಯಿಂದ ಒಂದು ಗಿಡವಾದರೆ, ಕಸಿಯಲ್ಲಿ ಅದೇ ಕಡ್ಡಿಯ ನಾಲ್ಕು ಕಣ್ಣುಗಳಿಂದ ನಾಲ್ಕು ಗಿಡಗಳಾಗುತ್ತವೆ. ಬಟನ್ ರೋಸ್, ಬಳ್ಳಿ ಗುಲಾಬಿ ಮತ್ತು ನಾಟಿ ಗುಲಾಬಿಗಳಿಗೆ ಕಸಿಯ ಅಗತ್ಯವೇ ಇಲ್ಲ. ನಿಮ್ಮ ಇನ್ನೂರರಲ್ಲಿ ಅಂಥವು ಎಷ್ಟಿವೆ ಎಂದು ಮೊದಲು ನೋಡಿಕೊಳ್ಳಿ.

ಈಗಲೇ, ಜೂನ್ ಜುಲೈನಲ್ಲಿ, ಬೇರುಗಿಡದ ಕಡ್ಡಿಗಳನ್ನು ನೆಡಬೇಕು. ಮಲ್ಟಿಫ್ಲೋರಾ ಅಥವಾ ರೋಸಾ ಇಂಡಿಕಾ ಎಂದು ಕರೆಯುವ ಬೇರುಗಿಡದ 20 ಸೆಂಟಿಮೀಟರ್ ಉದ್ದದ ತುಂಡುಗಳನ್ನು ತೆಗೆದುಕೊಂಡು, ಮೇಲಿನ ಎರಡು ಮೂರು ಕಣ್ಣುಗಳನ್ನು ಬಿಟ್ಟು ಕೆಳಗಿನವನ್ನೆಲ್ಲ ಚಾಕುವಿನ ತುದಿಯಿಂದ ಕಿತ್ತು ತೆಗೆಯಿರಿ. ಪಾಂಡವಪುರದ ಶಿಕ್ಷಕರ ತೊಂದರೆಗೆ ಮದ್ದು ಇಲ್ಲಿಯೇ ಇದೆ: ಈ ಹಂತದಲ್ಲಿ ಕಣ್ಣು ಕೀಳಲು ಸೋಮಾರಿತನ ಮಾಡಿದವರ ಗಿಡದಲ್ಲಿಯೇ ಮುಂದೆ ಕಾಡು ಚಿಗುರು ಹೆಚ್ಚು. ಪಾಲಿಥೀನ್ ಚೀಲಗಳಲ್ಲಿ ನೆಟ್ಟ ಇವು ನವೆಂಬರ್ ಡಿಸೆಂಬರ್ ಹೊತ್ತಿಗೆ ಬುಡದಲ್ಲಿ ಸೀಸದ ಕಡ್ಡಿಯಷ್ಟು ದಪ್ಪವಾಗುತ್ತವೆ. ಆಗಿನಿಂದ ಫೆಬ್ರವರಿವರೆಗಿನ ತಂಪು ದಿನಗಳು ಕಣ್ಣು ಕಸಿಗೆ ಪ್ರಶಸ್ತ.

ಕಸಿ ಹತ್ತುವುದರ ಗುಟ್ಟು ಸಿಪ್ಪೆಗೂ ಕಟ್ಟಿಗೆಗೂ ನಡುವೆ ಇರುವ, ಮುಟ್ಟಿದರೆ ಜಾರುವ ತೆಳ್ಳನೆಯ ಪದರದಲ್ಲಿದೆ. ಕ್ಯಾಂಬಿಯಂ ಎನ್ನುವ ಈ ಪದರದ ಕೋಶಗಳು ನಿರಂತರವಾಗಿ ಒಡೆದು ಹೊಸ ಕೋಶಗಳನ್ನು ಹುಟ್ಟಿಸುತ್ತವೆ. ಎರಡು ಗಿಡಗಳ ಈ ಪದರಗಳು ಒಂದಕ್ಕೊಂದು ತಾಗಿ, ನಡುವೆ ಒಣಗದೆ, ಅಲುಗಾಡದೆ ಎರಡು ಮೂರು ವಾರ ಇದ್ದರೆ ಬೆಸೆದುಕೊಳ್ಳುತ್ತವೆ. ಕಸಿಯ ವಿಧಿಗಳೆಲ್ಲವೂ ಇದನ್ನು ಸಾಧಿಸುವ ಉಪಾಯಗಳೇ.

ಕಸಿಗೆ ಎರಡು ಮೂರು ದಿನ ಮೊದಲು ಬೇರುಗಿಡಕ್ಕೆ ಚೆನ್ನಾಗಿ ನೀರು ಕೊಡಿ. ಒಳ್ಳೆಯ ಗಿಡದಿಂದ, ಆಗತಾನೇ ಹೂ ಮುಗಿಸಿದ ಕೊಂಬೆಯನ್ನು ತಂದು, ಎಲೆಯ ಹಾಳೆಯನ್ನು ಕತ್ತರಿಸಿ ತೊಟ್ಟನ್ನು ಮಾತ್ರ ಒಂದು ಸೆಂಟಿಮೀಟರ್ ಉಳಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ತುದಿಯ ಕಣ್ಣುಗಳು ಎಳಸು, ಬುಡದವು ನಿದ್ದೆಹೋದವು. ನಡುಭಾಗದಲ್ಲಿ ಉಬ್ಬಿ ನಿಂತು ಇನ್ನೂ ಒಡೆಯದ ಕಣ್ಣುಗಳನ್ನು ಆರಿಸಿ. ಬೇರುಗಿಡದ ಕಾಂಡವನ್ನು ಒರೆಸಿ, ನೆಲದಿಂದ ಐದಾರು ಸೆಂಟಿಮೀಟರ್ ಎತ್ತರದಲ್ಲಿ, ಮುಳ್ಳಿಲ್ಲದ ನುಣುಪಾದ ಕಡೆ, ಸಿಪ್ಪೆಯ ಆಳದಷ್ಟೇ ಅಡ್ಡಲಾಗಿ ಒಂದು ಸೆಂಟಿಮೀಟರ್ ಗೆರೆಯನ್ನೂ, ಅದರ ನಡುವಿನಿಂದ ಕೆಳಕ್ಕೆ ಎರಡೂವರೆ ಸೆಂಟಿಮೀಟರ್ ಗೆರೆಯನ್ನೂ ಕೊಯ್ಯಿರಿ. ಇಂಗ್ಲಿಷಿನ ಟೀ ಅಕ್ಷರದ ಆಕಾರ ಬರುವುದರಿಂದ ನರ್ಸರಿಯವರು ಇದನ್ನು ಟೀ ಬಡ್ಡಿಂಗ್ ಎನ್ನುತ್ತಾರೆ. ಚಾಕುವಿನ ಹಿಂಬದಿಯಿಂದ ಸಿಪ್ಪೆಯ ಎರಡು ರೆಕ್ಕೆಗಳನ್ನು ಮೆಲ್ಲಗೆ ಎತ್ತಿ.

ಕಣ್ಣಿನ ಒಂದು ಸೆಂಟಿಮೀಟರಿಗೂ ಸ್ವಲ್ಪ ಕೆಳಗಿನಿಂದ ಚಾಕು ಹೊಗಿಸಿ ಕಣ್ಣಿನ ಅಡಿಯಲ್ಲಿ ಹಾಯಿಸಿ ಮೇಲಕ್ಕೆ ಬಂದು, ಗುರಾಣಿಯ ಆಕಾರದ ಚೂರನ್ನು ತೆಗೆಯಿರಿ. ಅದರ ಹಿಂದೆ ಅಂಟಿದ ಕಟ್ಟಿಗೆಯ ಎಳೆಯನ್ನು ಬಿಡಿಸಿದಾಗ ಕಣ್ಣಿನ ಒಳತಿರುಳೂ ಕಿತ್ತುಬಂದು ಅಲ್ಲಿ ಗುಳಿ ಕಂಡರೆ ಆ ಕಣ್ಣನ್ನು ಎಸೆದುಬಿಡಿ. ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಅದು ಕುರುಡು. ತೊಟ್ಟನ್ನೇ ಹಿಡಿಯಾಗಿ ಹಿಡಿದು, ಕಣ್ಣು ಮೇಲ್ಮುಖವಾಗಿರುವಂತೆ, ಸೀಳಿನೊಳಗೆ ಮೇಲಿನಿಂದ ಕೆಳಕ್ಕೆ ಜಾರಿಸಿ. ಸೀಳಿನ ಹೊರಗುಳಿದ ಮೇಲ್ತುದಿಯನ್ನು ಅಡ್ಡಗೆರೆಗೆ ಸಮವಾಗಿ ಕತ್ತರಿಸಿ. ಬಳಿಕ ಒಂದು ಸೆಂಟಿಮೀಟರ್ ಅಗಲದ ಪಾಲಿಥೀನ್ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ, ಮನೆಗೆ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಬರುವ ಹಾಗೆ ಬಿಗಿಯಾಗಿ ಸುತ್ತಿ, ಕಣ್ಣು ಮತ್ತು ತೊಟ್ಟನ್ನು ಮಾತ್ರ ಹೊರಗೆ ಬಿಡಿ. ಕಣ್ಣು ಬಿಡಿಸಿದ ಗಳಿಗೆಯಿಂದ ಸುತ್ತಿ ಮುಗಿಸುವವರೆಗೆ ಒಂದೆರಡು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು. ಪಳಗಿದವರ ಕೈಯಲ್ಲಿ ಒಂದು ನಿಮಿಷವೂ ಬೇಡ.

ಎರಡು ಮೂರು ವಾರಗಳ ನಂತರ ತೊಟ್ಟನ್ನು ಬೆರಳಿನಿಂದ ಮುಟ್ಟಿ ನೋಡಿ. ಹಳದಿಯಾಗಿ ಮುಟ್ಟಿದೊಡನೆ ಉದುರಿ, ಕಣ್ಣು ಹಸಿರಾಗಿ ಉಳಿದಿದ್ದರೆ ಕಸಿ ಹತ್ತಿದೆ. ತೊಟ್ಟು ಕಪ್ಪಾಗಿ ಒಣಗಿ ಅಂಟಿಕೊಂಡೇ ಇದ್ದರೆ ಕಸಿ ಹೋಯಿತು. ಕಾಂಡದ ಇನ್ನೊಂದು ಬದಿಯಲ್ಲಿ ಮತ್ತೆ ಪ್ರಯತ್ನಿಸಬಹುದು. ಹತ್ತಿದ ಗಿಡದಲ್ಲಿ ಕಸಿಯ ಮೇಲಿನ ಕಾಂಡವನ್ನು ಒಮ್ಮೆಲೇ ಕತ್ತರಿಸದೆ, ಕಣ್ಣಿರುವ ಬದಿಯಲ್ಲಿ ಸ್ವಲ್ಪ ಮೇಲೆ ಮೂರರಲ್ಲಿ ಎರಡು ಪಾಲು ಕೊಯ್ದು ಆಚೆಗೆ ಬಗ್ಗಿಸಿ. ಬಗ್ಗಿದ ಕೊಂಬೆಯ ಎಲೆಗಳು ಬೇರಿಗೆ ಆಹಾರ ಕೊಡುತ್ತಿರುತ್ತವೆ, ತುದಿಯ ಹಿಡಿತ ತಪ್ಪಿದ್ದರಿಂದ ಕಣ್ಣು ಬೇಗ ಒಡೆಯುತ್ತದೆ. ಹೊಸ ಚಿಗುರು ಗೇಣುದ್ದವಾದ ಮೇಲೆ ಹಳೆಯ ಕಾಂಡವನ್ನು ಪೂರ್ತಿ ತೆಗೆದು, ಗಾಯಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ಮುಲಾಮನ್ನು ಬಳಿಯಿರಿ. ಹಾಗೆಯೇ ಬಿಟ್ಟರೆ ಕಡಿದ ತುದಿಯಿಂದ ಕಪ್ಪಾಗುತ್ತ ಕೆಳಗಿಳಿಯುವ ರೋಗ ಕಸಿಯ ಗಂಟಿನವರೆಗೂ ಬಂದೀತು. ಚಿಗುರು ಗಾಳಿಗೆ ಗಂಟಿನಿಂದಲೇ ಕಿತ್ತುಹೋಗದಂತೆ ಕಡ್ಡಿಯ ಆಸರೆ ಕೊಡಿ.

ಸುತ್ತಿದ ಪಟ್ಟಿಯನ್ನು ನಾಲ್ಕನೆಯ ವಾರದಲ್ಲಿ ಬಿಚ್ಚಲೇಬೇಕು. ನಾನು ಮೊದಲ ವರ್ಷ ಕಟ್ಟಿದ ಇಪ್ಪತ್ತು ಕಸಿಗಳಲ್ಲಿ ಹದಿನೈದು ಹತ್ತಿದ ಸಂಭ್ರಮದಲ್ಲಿ ಪಟ್ಟಿಗಳನ್ನು ಎರಡು ತಿಂಗಳು ಮರೆತುಬಿಟ್ಟಿದ್ದೆ. ಕಾಂಡ ದಪ್ಪವಾದಂತೆ ಪ್ಲಾಸ್ಟಿಕ್ ಸಿಪ್ಪೆಯೊಳಗೆ ಹೂತುಹೋಗಿ, ಒಂದು ದಿನದ ಗಾಳಿಗೆ ಒಂಬತ್ತು ಗಿಡಗಳು ಅದೇ ಜಾಗದಲ್ಲಿ ಮುರಿದು ಬಿದ್ದವು.

ಇನ್ನೂರು ಗಿಡಗಳೆಂದರೆ ರೋಗದ ಮಾತನ್ನೂ ಆಡಲೇಬೇಕು. ಎಲೆಯ ಮೇಲೆ ಹಳದಿ ಅಂಕುಡೊಂಕು ಗೆರೆಗಳು ಕಾಣುವ ಮೊಸಾಯಿಕ್ ನಂಜುರೋಗ ಗುಲಾಬಿಯಲ್ಲಿ ಮುಖ್ಯವಾಗಿ ಹರಡುವುದು ಕೀಟಗಳಿಂದಲ್ಲ, ನಮ್ಮ ಕಸಿಯಿಂದಲೇ. ನಂಜಿರುವ ಗಿಡದ ಒಂದು ಕಣ್ಣು ಸಾಕು. ಅಂಥ ಗೆರೆಗಳು ಒಮ್ಮೆ ಕಂಡ ಗಿಡದಿಂದ, ಆಮೇಲೆ ಅವು ಮಾಯವಾದರೂ, ಕಣ್ಣು ತೆಗೆಯಬೇಡಿ. ಬೇರಿನ ಕೊರಳಿನಲ್ಲಿ ಹೂಕೋಸಿನಂತಹ ಗಡ್ಡೆ ಬರಿಸುವ ಬ್ಯಾಕ್ಟೀರಿಯಾ ಚಾಕುವಿನ ಮೂಲಕ ದಾಟುತ್ತದೆ. ಗಿಡದಿಂದ ಗಿಡಕ್ಕೆ ಹೋಗುವಾಗ ಅಲಗನ್ನು ಸ್ಪಿರಿಟ್ಟಿನಿಂದ ಒರೆಸಿ. ಕಣ್ಣು ಕಸಿಗೆಂದೇ ಮಾಡಿದ ಚಾಕುವನ್ನು ಕೊಳ್ಳಿ, ಅಡುಗೆಮನೆಯದನ್ನು ತರಬೇಡಿ. ಇನ್ನೂರನ್ನು ಒಮ್ಮೆಗೇ ಹಿಡಿಯದೆ, ಸವರಿ ಬಿಸಾಡಿದ ಕೊಂಬೆಗಳ ಮೇಲೆ ಒಂದು ವಾರ ಕೈ ಪಳಗಿಸಿಕೊಂಡು ಶುರುಮಾಡಿ.

ಪ್ರಶ್ನೆ: ಮಾರ್ಚ್‌ನಲ್ಲಿ ಕಣ್ಣು ಕಸಿಗೆ ಪ್ರಯತ್ನಿಸಿದೆ. ಸೀಳಿದ ಸಿಪ್ಪೆ ಎದ್ದು ಬರಲೇ ಇಲ್ಲ, ಚೂರುಚೂರಾಗಿ ಹರಿಯಿತು.
– ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಗಿಡಕ್ಕೆ ನೀರಿನ ಕೊರತೆಯಾದಾಗ ಕ್ಯಾಂಬಿಯಂ ಕೆಲಸ ನಿಲ್ಲಿಸಿ ಸಿಪ್ಪೆ ಕಟ್ಟಿಗೆಗೆ ಕಚ್ಚಿಕೊಳ್ಳುತ್ತದೆ. ಒಂದು ವಾರ ಸರಿಯಾಗಿ ನೀರು ಕೊಟ್ಟು, ಹೊಸ ಎಲೆ ಮೂಡಿದ ಮೇಲೆ ಮತ್ತೆ ನೋಡಿ. ಕಾಯಲಾಗದಿದ್ದರೆ ಸಿಪ್ಪೆ ಎತ್ತುವ ಅಗತ್ಯವೇ ಇಲ್ಲದ ಚಿಪ್ ಬಡ್ಡಿಂಗ್ ಮಾಡಬಹುದು: ಬೇರುಗಿಡದಿಂದ ಸ್ವಲ್ಪ ಕಟ್ಟಿಗೆ ಸಹಿತ ಒಂದು ಚಕ್ಕೆಯನ್ನು ತೆಗೆದು, ಅದೇ ಅಳತೆಯ ಕಣ್ಣಿರುವ ಚಕ್ಕೆಯನ್ನು ಅಲ್ಲಿ ಕೂರಿಸಿ, ಒಂದು ಬದಿಯಾದರೂ ಅಂಚಿಗೆ ಅಂಚು ಸೇರುವಂತೆ ಬಿಗಿದು ಕಟ್ಟಬೇಕು.

ಪ್ರಶ್ನೆ: ಅಜ್ಜಿ ನೆಟ್ಟ ಪನ್ನೀರ್ ಗುಲಾಬಿಯೊಂದು ನಮ್ಮ ಹಿತ್ತಲಲ್ಲಿದೆ. ಮನೆ ಮಾರಾಟವಾಗಿದೆ, ಡಿಸೆಂಬರಿನಲ್ಲಿ ಬಿಡಬೇಕು. ಗಿಡ ಮುದಿಯಾಗಿದ್ದು ಕೀಳಲು ಹೆದರಿಕೆಯಾಗುತ್ತದೆ. ಇದನ್ನು ಕಸಿ ಮಾಡಿಸಬೇಕೇ?
– ಬ್ಯಾಂಕ್ ಉದ್ಯೋಗಿ, ಚಾಮುಂಡಿಪುರಂ, ಮೈಸೂರು

ಉತ್ತರ: ಕಸಿ ಬೇಡವೇ ಬೇಡ. ದಮಾಸ್ಕ್ ಗುಂಪಿನ ಹಳೆಯ ಗುಲಾಬಿಗಳಿಗೂ ಎಡ್ವರ್ಡ್ ಗುಲಾಬಿಗೂ ಜನ ಪನ್ನೀರ್ ಎಂದೇ ಹೇಳುತ್ತಾರೆ. ಎಡ್ವರ್ಡ್ ಎಂಬುದು ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದಲ್ಲಿ, ಅದಕ್ಕೆ ಬೂರ್ಬೋನ್ ಎಂಬ ಹೆಸರಿದ್ದ ಕಾಲದಲ್ಲಿ, ಚೀನಾ ಗುಲಾಬಿಗೂ ದಮಾಸ್ಕ್ ಗುಲಾಬಿಗೂ ಹುಟ್ಟಿದ ಮಿಶ್ರ ತಳಿ. ಉತ್ತರ ಭಾರತದ ನರ್ಸರಿಗಳು ಇದನ್ನು ಬೇರುಗಿಡವಾಗಿಯೇ ಬೆಳೆಸುತ್ತವೆ. ಅಲ್ಲಿ ಬೇರೆ ಗುಲಾಬಿಗಳಿಗೆ ಕಾಲಾಗಿರುವುದನ್ನು ನಾವು ಇಲ್ಲಿ ಹಾರ ಕಟ್ಟಿ ದೇವರಿಗೆ ಏರಿಸುತ್ತೇವೆ. ಬೇರಿನ ಬಲದಲ್ಲಿ ಹೆಸರಾದ ಗಿಡಕ್ಕೆ ಇನ್ನೊಂದರ ಬೇರನ್ನು ಎರವಲು ಕೊಡಿಸುವುದರಲ್ಲಿ ಅರ್ಥವಿಲ್ಲ.

ನಿಮಗೆ ಆರು ತಿಂಗಳು ಸಮಯವಿದೆ. ಕುವೆಂಪುನಗರದವರಿಗೆ ಹೇಳಿದ ರೀತಿಯಲ್ಲಿ ಹತ್ತು ಹದಿನೈದು ಕಡ್ಡಿಗಳನ್ನು ಈ ತಿಂಗಳೇ ನೆಡಿ. ಅದರ ಜೊತೆಗೆ, ಒಂದನ್ನೂ ಕಳೆದುಕೊಳ್ಳಲು ಮನಸ್ಸಿಲ್ಲದ ಗಿಡವಾದುದರಿಂದ, ಎರಡು ಕೊಂಬೆಗಳಿಗೆ ಗೂಟಿಯನ್ನೂ ಕಟ್ಟಿ, ಎಂದರೆ ಕೊಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಿ. ಸೀಸದ ಕಡ್ಡಿಯಷ್ಟು ದಪ್ಪದ ಕೊಂಬೆಯಲ್ಲಿ ಎರಡೂವರೆ ಸೆಂಟಿಮೀಟರ್ ಅಗಲಕ್ಕೆ ಸುತ್ತಲೂ ಸಿಪ್ಪೆಯನ್ನು ಉಂಗುರದಂತೆ ಬಿಡಿಸಿ, ಒಳಗಿನ ಜಾರುವ ಪದರವನ್ನು ಕೆರೆದು, ಮೇಲಂಚಿಗೆ ಬೇರಿನ ಪುಡಿ ಸವರಿ, ಹಿಂಡಿದ ಒದ್ದೆ ತೆಂಗಿನ ನಾರಿನ ಪುಡಿಯನ್ನು ಮುಷ್ಟಿಯಷ್ಟು ಇಟ್ಟು ಪಾಲಿಥೀನಿನಿಂದ ಎರಡೂ ಕಡೆ ಬಿಗಿದು ಕಟ್ಟಿ. ಎಲೆಗಳು ಮಾಡಿದ ಆಹಾರ ಕೆಳಗಿಳಿಯಲಾಗದೆ ಉಂಗುರದ ಮೇಲಂಚಿನಲ್ಲಿ ತಂಗಿ, ಅಲ್ಲಿಂದ ಬೇರು ಹೊರಡುತ್ತದೆ. ನೀರು ಮಾತ್ರ ಕಟ್ಟಿಗೆಯ ಮೂಲಕ ಏರುತ್ತಲೇ ಇರುವುದರಿಂದ ಕೊಂಬೆ ಬಾಡುವುದಿಲ್ಲ. ಪಾಲಿಥೀನಿನೊಳಗೆ ಬೇರಿನ ಬಲೆ ಕಂಡ ಮೇಲೆ ಅದರ ಕೆಳಗೆ ಕತ್ತರಿಸಿ ನೆಡಿ. ಮುದಿ ಗಿಡವನ್ನು ಮನೆ ಕೊಂಡವರಿಗೆ ಒಪ್ಪಿಸಿ ಬನ್ನಿ, ಅದಕ್ಕೆ ನೀರು ಹಾಕಲು ಹೇಳಿ.

ಪ್ರಶ್ನೆ: ಮಗಳ ಮದುವೆಯ ಬೊಕೆಯಲ್ಲಿದ್ದ ಹಳದಿ ಗುಲಾಬಿಗಳ ಕಡ್ಡಿಗಳನ್ನು ನೆನಪಿಗಾಗಿ ಬೆಳೆಸಬೇಕೆಂಬ ಆಸೆ. ಎಂಟೂ ಕಡ್ಡಿ ಕಪ್ಪಾದವು.
– ಓದುಗರು, ಸರಸ್ವತೀಪುರಂ, ಮೈಸೂರು

ಉತ್ತರ: ನಿಮ್ಮ ಆಸೆಗೆ ಎರಡು ಅಡ್ಡಿಗಳಿವೆ. ಬೊಕೆಯ ಗುಲಾಬಿಗಳು ಮೊಗ್ಗಿನಲ್ಲೇ ಕೊಯ್ಲಾಗಿ, ಶೀತಲ ಕೋಣೆಯಲ್ಲಿ ದಿನಗಟ್ಟಲೆ ಕಳೆದು, ಕೈಗೆ ಬರುವಷ್ಟರಲ್ಲಿ ಕೂಡಿಟ್ಟ ಆಹಾರವನ್ನು ಬಹುಪಾಲು ಮುಗಿಸಿರುತ್ತವೆ. ಎರಡನೆಯದು ಬಣ್ಣ. ಇಂದಿನ ಹಳದಿ ಗುಲಾಬಿಗಳ ವಂಶ ಫ್ರಾನ್ಸಿನ ಗುಲಾಬಿ ತಳಿಗಾರ ಪೆರ್ನೆ ದುಶೇ 1900ರಲ್ಲಿ ಹೊರತಂದ ಸೊಲೇ ದೋರ್ ತಳಿಯ ಮೂಲಕ ಪಶ್ಚಿಮ ಏಷ್ಯಾದ ರೋಸಾ ಫೀಟಿಡಾ ಎಂಬ ಹಳದಿ ಗುಲಾಬಿಗೆ ಹೋಗಿ ಸೇರುತ್ತದೆ. ಆ ಫೀಟಿಡಾದಿಂದ ಬಣ್ಣದ ಜೊತೆಗೆ ಕಪ್ಪುಚುಕ್ಕೆ ರೋಗಕ್ಕೆ ತುತ್ತಾಗುವ ಗುಣವೂ, ಕಡ್ಡಿಯಿಂದ ಬೇರು ಬಿಡಲು ಹಟ ಮಾಡುವ ಗುಣವೂ ಇಳಿದು ಬಂದಿವೆ. ಹಳದಿಯನ್ನು ಕಸಿಯಲ್ಲಿಯೇ ಪಡೆಯುವುದು ಜಾಣತನ. ಅದೂ ಬೊಕೆಯ ತಳಿಗಳು ಪಾಲಿಹೌಸಿಗಾಗಿ ಆರಿಸಿದವು, ಹಿತ್ತಲಿನಲ್ಲಿ ಅವು ಬೂದಿರೋಗ ಹಿಡಿದು ನಿರಾಶೆಗೊಳಿಸುವುದೇ ಹೆಚ್ಚು. ಅದೇ ಬಣ್ಣದ ಒಳ್ಳೆಯ ಕಸಿ ಗಿಡವೊಂದನ್ನು ಮಗಳ ಕೈಯಿಂದಲೇ ನೆಡಿಸಿ.

ಪ್ರಶ್ನೆ: ದಸರಾ ಫಲಪುಷ್ಪ ಪ್ರದರ್ಶನಕ್ಕೆ ಒಂದೇ ಗಿಡದಲ್ಲಿ ಮೂರು ಬಣ್ಣದ ಗುಲಾಬಿ ಬೆಳೆಸಿ ಇಡಬಹುದೇ?
– ಓದುಗರು, ನಂಜನಗೂಡು

ಉತ್ತರ: ಇಡಬಹುದು, ಈ ವರ್ಷವಲ್ಲ. ಬೇರುಗಿಡದ ಒಂದೇ ಕಾಂಡವನ್ನು ಮೂರಡಿ ಎತ್ತರಕ್ಕೆ ಬೆಳೆಸಿ, ಅದರ ತುದಿಯಲ್ಲಿ ಮೂರು ದಿಕ್ಕಿಗೆ ಮೂರು ಕಣ್ಣುಗಳನ್ನು ಒಂದೇ ದಿನ ಕೂರಿಸಬೇಕು. ಬೆಳೆಯುವ ವೇಗ ಒಂದೇ ಆಗಿರುವ ತಳಿಗಳನ್ನು ಆರಿಸದಿದ್ದರೆ ಬಲವಾದದ್ದು ಉಳಿದ ಎರಡನ್ನೂ ಒಂದು ವರ್ಷದಲ್ಲಿ ನುಂಗಿಬಿಡುತ್ತದೆ.

ಪ್ರಶ್ನೆ: ನಮ್ಮದು ನಾಲೆಯ ಬಯಲಿನ ಚೌಳು ಮಿಶ್ರಿತ ಭೂಮಿ. ಕಸಿ ಗುಲಾಬಿಗಳ ಹೊಸ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿರುತ್ತವೆ. ಬೇರೆ ಬೇರುಗಿಡಕ್ಕೆ ಕಸಿ ಕಟ್ಟಿದರೆ ಸರಿಹೋಗುತ್ತದೆಯೇ?
– ಹೂ ಬೆಳೆಗಾರರು, ಶ್ರೀರಂಗಪಟ್ಟಣ ತಾಲ್ಲೂಕು

ಉತ್ತರ: ಸ್ವಲ್ಪಮಟ್ಟಿಗೆ ಹೌದು. ಹೊಸ ಎಲೆಗಳಲ್ಲಿ ಈ ಲಕ್ಷಣ ಕಂಡರೆ ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಕ್ಷಾರ ಹೆಚ್ಚಿದಾಗ ಅದು ಕರಗದ ರೂಪಕ್ಕೆ ತಿರುಗಿ ಬೇರಿಗೆ ದಕ್ಕುವುದಿಲ್ಲ. ಮಲ್ಟಿಫ್ಲೋರಾ ಬೇರು ಹುಳಿ ಮಣ್ಣನ್ನು ಮೆಚ್ಚುವಂಥದ್ದು, ಕ್ಷಾರ ಮಣ್ಣಿನಲ್ಲಿ ಅದೇ ಮೊದಲು ಹಳದಿಯಾಗುತ್ತದೆ. ಸುಣ್ಣದಂಶವಿರುವ ಮಣ್ಣನ್ನು ರೋಸಾ ಇಂಡಿಕಾ ಅದಕ್ಕಿಂತ ಚೆನ್ನಾಗಿ ತಾಳುತ್ತದೆ. ಮುಂದಿನ ಗಿಡಗಳನ್ನು ಅದರ ಮೇಲೆಯೇ ಕಟ್ಟಿ. ನೆಟ್ಟಿರುವ ಗಿಡಗಳ ಬೇರನ್ನು ಬದಲಿಸಲಾಗದು, ಆದರೆ ಅವುಗಳ ಕಣ್ಣುಗಳನ್ನು ಹೊಸ ಬೇರುಗಿಡಗಳಿಗೆ ದಾಟಿಸಬಹುದು. ಸದ್ಯಕ್ಕೆ ಕ್ಷಾರ ಮಣ್ಣಿನಲ್ಲೂ ಕೆಲಸ ಮಾಡುವ ಇಡಿಡಿಎಚ್‌ಎ ರೂಪದ ಕಬ್ಬಿಣವನ್ನು ಬುಡಕ್ಕೆ ಕೊಡಿ. ಅಗ್ಗದ ಇಡಿಟಿಎ ರೂಪ ಅಂಥ ಮಣ್ಣಿನಲ್ಲಿ ಬೇಗ ನಿರುಪಯುಕ್ತವಾಗುತ್ತದೆ. ಜಿಪ್ಸಂ ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಮಾದರಿಯನ್ನು ಗೊಬ್ಬರ ಹಾಕಿದ ಪಾತಿಯಿಂದಲ್ಲ, ಗಿಡಗಳ ಸಾಲಿನ ನಡುವಿನ ಹತ್ತು ಕಡೆಗಳಿಂದ ಒಂದು ಗೇಣು ಆಳದವರೆಗೆ ಅಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ ಅರ್ಧ ಕಿಲೋ ಕಳಿಸಿದರೆ ಸಾಕು. ಬೋರ್‌ವೆಲ್ ನೀರನ್ನು ಹಾಯಿಸುತ್ತಿದ್ದರೆ ಒಂದು ಬಾಟಲಿ ನೀರನ್ನೂ ಜೊತೆಗೆ ಕೊಡಿ.